ಮಸುಕು ಮತ್ತು ಮುಸುಕು

ಮೊದಲಿಗೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ಶಾಲೆಯಲ್ಲಿ ಹೇಳುತ್ತಿದ್ದರು. ಶಾಲೆ ಬಿಟ್ಟ ಮೇಲೆ ಅದು ಇನ್ನಷ್ಟು ಕೆಟ್ಟಿದೆ. ಮಾತಿನ ಕಥೆಯೂ ಅಷ್ಟೇ. ನಾಲ್ಕು ಜನ ಸೇರಿದ ಕಡೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಗ್ರಂಥಾಲಯದ ಮೇಡಂ ತಮ್ಮ ಕೈಬರಹದ ಪತ್ರಿಕೆಗೆ, "ದಿನಾ ನೋಡೋ ಒಬ್ಬರ ಬಗ್ಗೆ ಬರಿ. ದೊಡ್ಡ ಮನುಷ್ಯರೇ ಆಗಬೇಕು ಅಂತಿಲ್ಲ" ಎಂದರು. ನಾನು ದಿನಾ ನೋಡುವುದು ನನ್ನ ಚಿಕ್ಕಮ್ಮನನ್ನು. ಬರೆಯಲೇ ಎಂದು ಅವಳನ್ನೇ ಕೇಳಿದೆ. "ಬರಿ. ಆದ್ರೆ ನನ್ನನ್ನ ತಿದ್ದಿ ಚೆಂದ ಮಾಡಬೇಡ" ಎಂದಳು. ತಿದ್ದಿ ಚೆಂದ ಮಾಡುವುದೇ ಒಂದು ಕಾಲದಲ್ಲಿ ಅವಳ ಕಸುಬಾಗಿತ್ತು.

ನಮ್ಮ ಅಜ್ಜನದು ಫೋಟೋ ಸ್ಟುಡಿಯೋ. ಚಿಕ್ಕಮ್ಮ ಅಂದರೆ ನನ್ನ ಅಮ್ಮನ ತಂಗಿ, ಶಾಲೆ ಮುಗಿಸಿ ಬಂದವಳೇ ಅಲ್ಲಿನ ಓರೆ ಗಾಜಿನ ಮುಂದೆ ಕೂರುತ್ತಿದ್ದಳಂತೆ. ಗಾಜಿನ ಕೆಳಗೊಂದು ದೀಪ, ಮೇಲೆ ನೆಗೆಟಿವ್, ಕೈಯಲ್ಲಿ ಸೂಜಿಯಂತೆ ಕೆತ್ತಿದ ಪೆನ್ಸಿಲ್. ಮೊಡವೆ ಕಲೆ ಮುಚ್ಚುವುದು, ಕಣ್ಣಿನ ಕೆಳಗಿನ ಕಪ್ಪು ತೆಗೆಯುವುದು, ಬೋಳು ಹಣೆಗೆ ಒಂದೊಂದೇ ಕೂದಲು ಎಳೆಯುವುದು. ಆಮೇಲೆ ಕಂಪ್ಯೂಟರ್ ಬಂತು, ತಿದ್ದುವ ಕೆಲಸವನ್ನು ಅದರಲ್ಲೂ ಕಲಿತಳು. ಈಗಲೂ ಎದುರಿಗೆ ಯಾರಾದರೂ ಕೂತರೆ ಅವಳ ಕಣ್ಣು ಅವರ ಮುಖದ ಮೇಲೆ ಪೆನ್ಸಿಲ್ ಆಡಿಸುತ್ತಿರುತ್ತದೆ. ನಾನು ಬೇಸರದಲ್ಲಿದ್ದರೆ "ಏನಾಯ್ತು?" ಎಂದು ಕೇಳುವುದಿಲ್ಲ. "ಗದ್ದ ಸ್ವಲ್ಪ ಎತ್ತು" ಎನ್ನುತ್ತಾಳೆ.

ಅವಳಿಗೆ ಮದುವೆ ಮಾಡಬೇಕೆಂದು ಅಜ್ಜಿ ಹಟ ಹಿಡಿದಿದ್ದಾಗ ಯಾರೋ ಒಂದು ಗಂಡಿನ ಫೋಟೋ ಕಳಿಸಿದ್ದರಂತೆ. ಚಿಕ್ಕಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ ನಕ್ಕುಬಿಟ್ಟಳು. "ಅಮ್ಮಾ, ಈ ಕೂದಲು ನಾನೇ ಹಾಕಿದ್ದು."

"ಹಾಕಿದೋಳೇ ಬಾಚಲಿ ಬಿಡೇ" ಎಂದಳಂತೆ ಅಜ್ಜಿ.

ಮದುವೆ ಆಗಲಿಲ್ಲ. ಅದಕ್ಕೆ ಆ ಕೂದಲೇ ಕಾರಣವೋ ಬೇರೆ ಏನಾದರೂ ಇತ್ತೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯಬಾರದು.

ಎಲ್ಲರ ಕೈಗೂ ಕ್ಯಾಮೆರಾ ಇರುವ ಫೋನ್ ಬಂದ ಮೇಲೆ ಸ್ಟುಡಿಯೋ ಮುಚ್ಚಿತು. ಅಜ್ಜ ತೀರಿಕೊಂಡರು. ಚಿಕ್ಕಮ್ಮ ಸಂಜೆ ತರಗತಿಗೆ ಸೇರಿ ಪ್ರೋಗ್ರಾಂ ಬರೆಯುವುದನ್ನು ಕಲಿತಳು. ತನಗಿಂತ ಚಿಕ್ಕವರ ನಡುವೆ ಕೂತು, ಅರ್ಥವಾಗದ ಕಡೆ ಕೈ ಎತ್ತಿ ಕೇಳಿ ಕಲಿತಳು. ಕೈ ಎತ್ತುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ನಾನು ಶಾಲೆ ಬಿಟ್ಟದ್ದೇ ಅದಕ್ಕೆ. ಈಗ ಅವಳು ಪಂಕ್ಚರ್ ಅಂಗಡಿಯ ಮೇಲಿನ ಒಂದು ಸಣ್ಣ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಕೆಳಗೆ ಗಾಳಿ ತುಂಬುವ ಯಂತ್ರ ಶುರುವಾದರೆ ಮೇಲೆ ಮೇಜಿನ ಮೇಲಿನ ಲೋಟ ನಡುಗುತ್ತದೆ. ಆಫೀಸಿನ ಯಜಮಾನರನ್ನು ಎಲ್ಲರೂ ಬೆನ್ನ ಹಿಂದೆ ಮೀಟಿಂಗಣ್ಣ ಎನ್ನುತ್ತಾರೆ. ಬಲ್ಬ್ ಹೋದರೂ ಅವರು, "ಒಂದು ಮೀಟಿಂಗ್ ಮಾಡೋಣ" ಎನ್ನುತ್ತಾರೆ.

ಆ ಆಫೀಸಿನವರು ಬೇರೆಯವರಿಗೆ ವೆಬ್‌ಸೈಟ್ ಮಾಡಿಕೊಡುತ್ತಾರೆ. ಅವುಗಳಲ್ಲಿ ಒಂದು ನಮ್ಮ ಆಸರೆ ಮನೆಯದು. ನಮ್ಮ ಎಂದೆ, ನಾನು ಅಲ್ಲಿರುವವಳಲ್ಲ, ಹೊಲಿಗೆ ಕಲಿಯಲು ದಿನಾ ಹೋಗುವವಳು. ಅಲ್ಲಿರುವವರು ಮನೆಯಲ್ಲಿ ಹೊಡೆತ ತಿಂದು, ಜೀವ ಉಳಿದರೆ ಸಾಕೆಂದು ಹೊರಟು ಬಂದ ಹೆಂಗಸರು. ಅವರು ಹೊಲಿದ ಚೀಲಗಳನ್ನು ವೆಬ್‌ಸೈಟಿನಲ್ಲಿ ಮಾರುತ್ತಾರೆ. ಚೀಲ ಎಷ್ಟು ದೊಡ್ಡದು ಎಂದು ಕೊಳ್ಳುವವರಿಗೆ ತಿಳಿಯಬೇಕಾದರೆ ಯಾರಾದರೂ ಅದನ್ನು ಹೆಗಲಿಗೆ ಹಾಕಿಕೊಂಡು ನಿಲ್ಲಬೇಕು. ಮೊದಲು ಕತ್ತಿನ ಕೆಳಗಷ್ಟೇ ಫೋಟೋ ತೆಗೆಯುತ್ತಿದ್ದರಂತೆ. "ರುಂಡ ಇಲ್ಲದ ಮುಂಡ ನೋಡಿ ಯಾರಮ್ಮ ಚೀಲ ತಗೋತಾರೆ? ನನಗೇ ಭಯ ಆಗತ್ತೆ" ಎಂದು ಅಲ್ಲಿನ ವಾರ್ಡನ್ ಅಮ್ಮ ಹೇಳಿದ ಮೇಲೆ, ಪೂರ್ತಿ ಫೋಟೋ ತೆಗೆದು ಮುಖ ಮಾತ್ರ ಕಾಣದ ಹಾಗೆ ಮಾಡುವ ಕೆಲಸ ಚಿಕ್ಕಮ್ಮನ ಪಾಲಿಗೆ ಬಂತು. ಜೀವನವಿಡೀ ಮುಖ ಸ್ಪಷ್ಟ ಮಾಡಿದವಳಿಗೆ ಈಗ ಮುಖ ಅಳಿಸುವ ಕೆಲಸ.

ಫೋಟೋ ತೆಗೆದು ಕಳಿಸುವವಳು ನಾನು. ಕಳಿಸಿದ ಫೋಟೋ ನೇರವಾಗಿ ಅಂಗಡಿಯ ಪುಟಕ್ಕೆ ಬರುವುದಿಲ್ಲ. ಮೊದಲು ಬ್ಯಾಕೆಂಡಿಗೆ ಹೋಗುತ್ತದೆ. ಅಂಗಡಿಯ ಹಿಂದಿನ ಕೋಣೆ ಇದ್ದ ಹಾಗೆ ಅದು, ಗಿರಾಕಿಗಳಿಗೆ ಕಾಣುವುದಿಲ್ಲ. ಅಲ್ಲಿ ಚಿಕ್ಕಮ್ಮನ ಪ್ರೋಗ್ರಾಂ ಮುಖ ಎಲ್ಲಿದೆ ಎಂದು ಹುಡುಕಿ, ಆ ಜಾಗದ ಬಣ್ಣಗಳನ್ನೆಲ್ಲ ಹಿಟ್ಟು ಕಲಸಿದಂತೆ ಕಲಸಿ, ಹೊಸ ಪ್ರತಿ ಮಾಡಿ, ಹಳೆಯದನ್ನು ಎಸೆದುಬಿಡುತ್ತದೆ. ಕಲಸಿದ ಹಿಟ್ಟಿನಿಂದ ನೀರನ್ನು ಬೇರೆ ಮಾಡಲು ಹೇಗೆ ಆಗುವುದಿಲ್ಲವೋ ಹಾಗೆ, ಆ ಪ್ರತಿಯಿಂದ ಮುಖವನ್ನು ಮತ್ತೆ ತೆಗೆಯಲು ಯಾರಿಂದಲೂ ಆಗುವುದಿಲ್ಲ. ಈ ಕೆಲಸಕ್ಕೆ ಅವಳಿಟ್ಟ ಹೆಸರು ಮಸುಕು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. "ನಾಳೆ ನೋಡಿದ್ರೆ ನನಗೆ ಅರ್ಥ ಆಗಬೇಕಲ್ಲ" ಎನ್ನುತ್ತಿದ್ದಳು.

ಇನ್ನೊಂದು ಕೆಲಸವಿತ್ತು. ಮಾರಾಟಕ್ಕೆ ಇನ್ನೂ ಬಿಡದ ಹೊಸ ಚೀಲಗಳನ್ನು ಪುಟದಲ್ಲಿ ಮಂಜು ಕವಿದಂತೆ ತೋರಿಸುವುದು, ಮಾರಾಟದ ದಿನ ಬಂದಾಗ ಮಂಜು ತೆಗೆಯುವುದು. ಇಲ್ಲಿ ಫೋಟೋಗೆ ಏನೂ ಆಗುವುದಿಲ್ಲ, ಹೇಳಿದ ಜಾಗದ ಮುಂದೆ ಒಂದು ತೆರೆ ಬೀಳುತ್ತದೆ ಅಷ್ಟೇ. ಅದಕ್ಕೆ ಅವಳಿಟ್ಟ ಹೆಸರು ಮುಸುಕು.

ಅಜ್ಜಿಗೆ ಈ ಎರಡರ ವ್ಯತ್ಯಾಸ ಎಂದೂ ತಲೆಗೆ ಹತ್ತಲಿಲ್ಲ. ಚಿಕ್ಕಮ್ಮ ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದಳು.

"ಏನೇ, ಇವತ್ತು ಎಷ್ಟು ಜನಕ್ಕೆ ಮುಸುಕು ಹಾಕಿ ಬಂದೆ?"

"ಮುಸುಕಲ್ಲಮ್ಮಾ, ಮಸುಕು."

"ಎಲ್ಲಾ ಒಂದೇ. ಮುಖ ಕಾಣಲ್ಲ ತಾನೇ?"

"ಒಂದೇ ಅಲ್ಲ. ಮುಸುಕಾದ್ರೆ ತೆಗೀಬಹುದು."

"ಹಾಗಾದ್ರೆ ಬೆಳಿಗ್ಗೆ ನಿನ್ನ ಮುಸುಕು ತೆಗೆಯಕ್ಕೆ ನಾನ್ಯಾಕೆ ಕೂಗಿ ಕೂಗಿ ಸಾಯಬೇಕು?"

ನಗುತ್ತ ನಗುತ್ತ ನಮಗೆಲ್ಲ ಆ ಮಾತೇ ರೂಢಿಯಾಯಿತು. ನಾನೂ ಹಾಗೇ ಹೇಳತೊಡಗಿದೆ. ಕೊನೆಗೆ ತಿದ್ದಿ ತಿದ್ದಿ ಸಾಕಾಗಿ ಚಿಕ್ಕಮ್ಮನೂ, "ಸ್ವಲ್ಪ ಮುಸುಕಿನ ಕೆಲಸ ಬಾಕಿ ಇದೆ, ಊಟ ಆಮೇಲೆ" ಎನ್ನತೊಡಗಿದಳು.

ಆಸರೆ ಮನೆಯಲ್ಲಿ ಚೀಲಕ್ಕೆ ಜಿಪ್ ಕೂರಿಸುವುದರಲ್ಲಿ ಒಬ್ಬರನ್ನು ಮೀರಿಸುವವರಿರಲಿಲ್ಲ. ಅವರನ್ನು ನಾವು ಜಿಪ್ಪಕ್ಕ ಎನ್ನುತ್ತೇವೆ. ಜಿಪ್ ಹಾಕುತ್ತಾರೆ ಎಂದಷ್ಟೇ ಅಲ್ಲ, ಬಾಯಿಗೂ ಹಾಕಿಕೊಂಡಿರುತ್ತಾರೆ ಎಂದು. ಆ ಕೋಣೆಯಲ್ಲಿ ಮಾತಾಡದೆ ಇರುತ್ತಿದ್ದವರು ನಾವಿಬ್ಬರೇ, ಹಾಗಾಗಿ ನನಗೆ ಅವರ ಪಕ್ಕದಲ್ಲಿ ಕೂರಲು ಇಷ್ಟವಿತ್ತು. ಅವರು ಫೋಟೋಗೆ ಒಪ್ಪುತ್ತಲೇ ಇರಲಿಲ್ಲ. ಬೀದಿಯಲ್ಲಿ ಗಾಡಿಯೊಂದು ನಿಂತರೆ ಅವರ ಕಾಲು ಹೊಲಿಗೆ ಯಂತ್ರದ ಪೆಡಲ್ ಮೇಲೆ ನಿಂತುಬಿಡುತ್ತಿತ್ತು; ಗಾಡಿ ಹೊರಟ ಮೇಲೇ ಮತ್ತೆ ಹೊಲಿಗೆ. ಅಂಥವರು ಒಂದು ದಿನ ತಾವೇ ಬಂದು, ಹೊಸ ನೀಲಿ ಚೀಲ ಹೆಗಲಿಗೆ ಹಾಕಿಕೊಂಡು, "ಇದೊಂದು ಚೆನ್ನಾಗಿ ಬಂದಿದೆ ಕಣೇ. ತೆಗಿ. ಹೇಗಿದ್ರೂ ನಿಮ್ಮ ಚಿಕ್ಕಮ್ಮ ಒರೆಸ್ತಾರಲ್ಲ" ಎಂದರು. ತೆಗೆದು ಕಳಿಸಿದೆ. ಪುಟದಲ್ಲಿ ಚೀಲ ಸ್ಪಷ್ಟವಾಗಿತ್ತು, ಮುಖದ ಜಾಗದಲ್ಲಿ ಮಂಜು. ತೋರಿಸಿದೆ. ಅವರು ನಕ್ಕರು. ಅವರು ನಕ್ಕದ್ದನ್ನು ನಾನು ಮೊದಲು ನೋಡಿರಲಿಲ್ಲ.

ಮುಂದಿನ ವಾರ ಆ ನೀಲಿ ಚೀಲದ ಅಂಚಿನ ಹೊಲಿಗೆಯನ್ನು ನೋಡಿಕೊಂಡು ನಾನೂ ಒಂದು ಚೀಲ ಹೊಲಿಯುತ್ತಿದ್ದೆ. ಅಂಚು ದೊಡ್ಡದಾಗಿ ಕಾಣಲಿ ಎಂದು ಫೋನಿನಲ್ಲಿ ಫೋಟೋವನ್ನು ಬೆರಳಿನಿಂದ ಒತ್ತಿ ಹಿಡಿದೆ. ಏನೇನೋ ಆಯ್ಕೆಗಳು ಬಂದವು. ಚಿತ್ರವನ್ನು ಬೇರೆಯಾಗಿ ತೆರೆ ಎಂಬುದನ್ನು ಒತ್ತಿದೆ. ತೆರೆಯಿತು.

ಜಿಪ್ಪಕ್ಕ ನನ್ನನ್ನೇ ನೋಡುತ್ತಿದ್ದರು. ಹುಬ್ಬು, ಮೂಗು, ತುಟಿಯ ನಡುವೆ ಕಚ್ಚಿಕೊಂಡ ದಾರದ ತುಂಡು ಸಮೇತ.

ಪಕ್ಕದ ಯಂತ್ರದಲ್ಲಿ ನಿಜವಾದ ಜಿಪ್ಪಕ್ಕ ತಲೆ ಬಗ್ಗಿಸಿ ಹೊಲಿಯುತ್ತಿದ್ದರು. ನಾನು ಫೋನನ್ನು ಮಡಿಲಿನಲ್ಲಿ ಬೋರಲು ಹಾಕಿದೆ. ಕೈಯಲ್ಲಿ ಕೆಂಡ ಇದ್ದ ಹಾಗಾಯಿತು. ನಾನೇ ಏನೋ ತಪ್ಪು ಒತ್ತಿರಬೇಕು ಎಂದುಕೊಂಡು ಬಚ್ಚಲಿಗೆ ಹೋಗಿ ಚಿಲಕ ಹಾಕಿ ಮತ್ತೆ ನೋಡಿದೆ. ಬೇರೆ ಅಕ್ಕಂದಿರ ಹೊಸ ಫೋಟೋಗಳನ್ನೂ ಒತ್ತಿ ನೋಡಿದೆ. ಎಲ್ಲರ ಮುಖವೂ ಇತ್ತು. ಹಳೆಯ ಫೋಟೋಗಳಲ್ಲಿ ಇರಲಿಲ್ಲ. ಇದನ್ನು ಖಚಿತ ಮಾಡಿಕೊಂಡ ಮೇಲೆ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ನಾನಾಗಿ ಯಾರಿಗೂ ಫೋನ್ ಮಾಡುವವಳಲ್ಲ. ಅವಳು ಎತ್ತಿದ ಕೂಡಲೇ, "ಅಜ್ಜಿಗೇನಾಯ್ತು?" ಎಂದಳು.

"ಅಜ್ಜಿ ಅಲ್ಲ. ಚಿಕ್ಕಮ್ಮಾ, ಫೋಟೋ ಒತ್ತಿದ್ರೆ ಮುಖ ಕಾಣತ್ತೆ."

"ಯಾರ ಮುಖ?"

"ಎಲ್ಲರದ್ದೂ. ಹೊಸದರಲ್ಲಿ."

"ಹಾಗಾಗಲ್ಲ ಕಣೇ. ಹಳೇದನ್ನ ನಾನು ಎಸೀತೀನಲ್ಲ, ಹೇಗೆ—"

ಅವಳು ಕೀಲಿಗಳನ್ನು ಪಟಪಟನೆ ಒತ್ತುವ ಸದ್ದು ಕೇಳಿತು.  ಆಮೇಲೆ, "ಯಾರಿಗೂ ಏನೂ ಹೇಳಬೇಡ, ಆಫೀಸಿಗೆ ಬಾ" ಎಂದಳು.

ನಾನು ಹೋಗುವ ಹೊತ್ತಿಗೆ ಅವಳು ಎಲ್ಲ ಹೊಸ ಫೋಟೋಗಳನ್ನೂ ತೆಗೆದುಹಾಕಿದ್ದಳು. ಕೂದಲಿನ ಗಂಟಿಗೆ ಸದಾ ಸಿಕ್ಕಿಸಿಕೊಳ್ಳುವ ಪೆನ್ಸಿಲ್ ಕೈಯಲ್ಲಿತ್ತು. ಅದರ ಹಿಂಬದಿಯಿಂದ ಪರದೆಯ ಮೇಲಿನ ಒಂದು ಸಾಲನ್ನು ತೋರಿಸಿದಳು. ಫೋನಿನಿಂದ ಬರುವ ಫೋಟೋಗಳು ಕೆಲವೊಮ್ಮೆ ಅಡ್ಡ ಮಲಗಿಬಿಡುತ್ತಿದ್ದವು. ಅದನ್ನು ಸರಿಮಾಡಲು ಅವಳು ಹಿಂದಿನ ವಾರ ಆ ಭಾಗವನ್ನು ಹೊಸದಾಗಿ ಬರೆದಿದ್ದಳು. "ಓದು" ಎಂದಳು. ನಾನು ಒಂದೊಂದೇ ಅಕ್ಷರ ಓದಿದೆ. ಎಂ, ಯು, ಎಸ್, ಯು, ಕೆ, ಯು.

"ಮುಸುಕು" ಎಂದೆ.

"ಎಂ ಆದ ಮೇಲೆ ಎ ಇರಬೇಕಿತ್ತು."

ಇಲ್ಲದ ಹೆಸರನ್ನು ಬರೆದಿದ್ದರೆ ಯಂತ್ರ ಅಲ್ಲೇ ತಕರಾರು ತೆಗೆಯುತ್ತಿತ್ತು. ಇದು ಇರುವ ಹೆಸರೇ ಆದ್ದರಿಂದ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತ್ತು. ಮುಖಗಳ ಮುಂದೆ ತೆರೆ ಬಿಟ್ಟಿತ್ತು. ಪುಟದಲ್ಲಿ ನೋಡುವವರಿಗೆ ಎರಡೂ ಒಂದೇ ಥರ. ತೆರೆಯ ಹಿಂದೆ ಮುಖಗಳು ಹಾಗೇ ಕೂತಿದ್ದವು, ಯಾರು ಬೇಕಾದರೂ ಬಂದು ಎತ್ತಿ ನೋಡುವಂತೆ.

ಮೀಟಿಂಗಣ್ಣ ಈ ಸಲ ಮೀಟಿಂಗ್ ಎನ್ನಲಿಲ್ಲ. ಬಾಗಿಲು ಮುಂದೆ ಮಾಡಿ ಬಂದು ಕೂತರು. ಅವರ ಮುಖವೂ ಬಿಳಿಚಿಕೊಂಡಿತ್ತು.

"ತೆಗೆದಾಯ್ತಲ್ಲಮ್ಮ? ಮುಗೀತು ಬಿಡು. ಹಾಗೆಲ್ಲ ಒತ್ತಿ ಯಾರು ನೋಡ್ತಾರೆ?"

"ನಮ್ಮ ಹುಡುಗಿ ನೋಡಿದ್ಲಲ್ಲ ಸರ್."

"ಅವಳಿಗೆ ಹೊಲಿಗೆ ನೋಡಬೇಕಿತ್ತು. ಬೇರೆಯವರಿಗೆ ಏನು ಬೇಕು?"

"ಅದೇ ಗೊತ್ತಿಲ್ಲ ಸರ್ ನನಗೆ."

ಚಿಕ್ಕಮ್ಮ ಇಂಟರ್ನೆಟ್ಟಿನಲ್ಲಿ ಚಿತ್ರ ಹುಡುಕುವ ತಾಣವೊಂದರಲ್ಲಿ ನೀಲಿ ಚೀಲ ಎಂದು ಬರೆದಳು. ಸಾಲು ಸಾಲಾಗಿ ಚೀಲಗಳು ಬಂದವು. ಬೆರಳಿನಿಂದ ಮೆಲ್ಲಗೆ ಕೆಳಗೆ ಸರಿಸುತ್ತ ಹೋದಳು. ಕೆಳಗೆಲ್ಲೋ ಒಂದು ಮೂಲೆಯಲ್ಲಿ, ಉಗುರಿನಷ್ಟು ದೊಡ್ಡದಾಗಿ, ತುಟಿಯಲ್ಲಿ ದಾರ ಕಚ್ಚಿಕೊಂಡು ಜಿಪ್ಪಕ್ಕ ನಿಂತಿದ್ದರು. ನಮ್ಮಲ್ಲಿ ಅಳಿಸಿದ್ದು ಆ ತಾಣದವರ ಬಳಿ ಇನ್ನೂ ಇತ್ತು. ಅದನ್ನು ತೆಗೆಯಿರಿ ಎಂದು ಚಿಕ್ಕಮ್ಮ ಅಲ್ಲಿಂದಲೇ ಕೋರಿಕೆ ಕಳಿಸಿದಳು. ನಿಮ್ಮ ಕೋರಿಕೆ ತಲುಪಿದೆ, ಸ್ವಲ್ಪ ಸಮಯ ಹಿಡಿಯಬಹುದು ಎಂದು ಉತ್ತರ ಬಂತು. ಸ್ವಲ್ಪ ಅಂದರೆ ಎಷ್ಟು ಎಂದು ಎಲ್ಲೂ ಬರೆದಿರಲಿಲ್ಲ.

ಚಿಕ್ಕಮ್ಮ ಎದ್ದು ಚಪ್ಪಲಿ ಹಾಕಿಕೊಂಡಳು.

"ಎಲ್ಲಿಗೆ?" ಎಂದರು ಮೀಟಿಂಗಣ್ಣ.

"ಅವರಿಗೆ ಹೇಳಿ ಬರ್ತೀನಿ."

"ಅಮ್ಮಾ, ಸ್ವಲ್ಪ ಯೋಚನೆ ಮಾಡು. ಮೊದಲೇ ಹೆದರಿದವರು. ಹಾವು ಇದೆಯೋ ಇಲ್ಲವೋ ಗೊತ್ತಿಲ್ಲದೆ ಹಾವು ಹಾವು ಅಂತ ಕೂಗಿದ್ರೆ ಹೇಗೆ? ಇನ್ಮೇಲೆ ನಮ್ಮನ್ನ ಒಳಗೆ ಬಿಟ್ಟುಕೊಳ್ತಾರಾ?"

"ಬಿಟ್ಟುಕೊಳ್ಳದೆ ಇರಬಹುದು ಸರ್. ಹುತ್ತ ನಾನು ತೆರೆದಿಟ್ಟು ಹಾವಿಲ್ಲ ಅಂತ ನಾನೇ ಹೇಗೆ ಹೇಳಲಿ?"

ಅವರು ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಮೆಟ್ಟಿಲಿನವರೆಗೆ ಬಂದು, "ನಾನೂ ಬರಲಾ?" ಎಂದರು. ಗಂಡಸರನ್ನು ಅಲ್ಲಿ ಒಳಗೆ ಬಿಡುವುದಿಲ್ಲ ಎಂಬುದು ಅವರಿಗೇ ನೆನಪಾಗಿ ಮೆಟ್ಟಿಲಲ್ಲೇ ನಿಂತರು.

ದಾರಿಯಲ್ಲಿ ಚಿಕ್ಕಮ್ಮ ಒಂದೇ ಮಾತು ಆಡಿದ್ದು: "ನಾನು ಹೇಳ್ತೀನಿ. ನೀನು ನನ್ನ ಪಕ್ಕ ನಿಂತಿರು, ಸಾಕು."  ಎದುರಿಗೆ ಬಂದ ಪ್ರತಿಯೊಬ್ಬ ಗಂಡಸಿನ ಕೈಯಲ್ಲೂ ಫೋನ್ ಇತ್ತು. ಎಲ್ಲರೂ ಫೋನನ್ನೇ ನೋಡುತ್ತಿದ್ದರು. ದಿನಾ ಹಾಗೇ ಇರುತ್ತದೆ. ನಾನು ಗಮನಿಸಿದ್ದು ಅಂದೇ.

ಆಸರೆ ಮನೆಯ ಇಸ್ತ್ರಿ ಕೋಣೆಯಲ್ಲಿ ಮಾತಾಡಿದೆವು. ವಾರ್ಡನ್ ಅಮ್ಮ ಬಾಗಿಲಲ್ಲಿ ನಿಂತರು. ಜಿಪ್ಪಕ್ಕ ಅರ್ಧ ಹೊಲಿದ ಚೀಲವನ್ನು ಕೈಯಲ್ಲೇ ಹಿಡಿದುಕೊಂಡು ಬಂದರು. ಚಿಕ್ಕಮ್ಮ ಸುತ್ತಿ ಬಳಸಲಿಲ್ಲ. ಮುಖ ಒರೆಸಬೇಕಾದ ಕಡೆ ಬರೀ ತೆರೆ ಹಾಕಿದ್ದೇನೆ, ತಪ್ಪು ನನ್ನದು, ಇಷ್ಟು ದಿನ ಅದು ತೆರೆದೇ ಇತ್ತು, ಈಗ ತೆಗೆದಿದ್ದೇನೆ, ಆದರೆ ಬೇರೆ ಕಡೆ ಒಂದು ಸಣ್ಣ ಪ್ರತಿ ಇನ್ನೂ ಇದೆ, ಎಂದು ಒಂದೇ ಉಸಿರಿಗೆ ಹೇಳಿದಳು.

ಜಿಪ್ಪಕ್ಕ ಚೀಲದ ಜಿಪ್ಪನ್ನು ಎಳೆದರು. ಮತ್ತೆ ಹಾಕಿದರು. ಮತ್ತೆ ಎಳೆದರು.

"ಯಾರು ನೋಡಿದ್ರು ಅಂತ ಗೊತ್ತಾಗಲ್ವಾ?"

"ಎಷ್ಟು ಸಲ ತೆರೆದಿದ್ದಾರೆ ಅಂತ ಗೊತ್ತಾಗತ್ತೆ ಅಕ್ಕ. ಯಾರು ಅಂತ ಗೊತ್ತಾಗಲ್ಲ."

"ಎಷ್ಟು ಸಲ?"

"ಕೆಲವು ಸಲ. ಅದರಲ್ಲಿ ಇವಳು ತೆರೆದದ್ದೂ ಇದೆ. ಹುಡುಕೋ ತಾಣದ ಯಂತ್ರಗಳು ತಾವಾಗೇ ಬಂದು ನೋಡಿದ್ದೂ ಇದೆ."

"ಅದನ್ನ ಬಿಟ್ಟು?"

"ಗೊತ್ತಿಲ್ಲ ಅಕ್ಕ" ಎಂದಳು ಚಿಕ್ಕಮ್ಮ. 

"ನನ್ನ ಹಿಂದೆ ಏನು ಕಾಣ್ತಿತ್ತು?" ಎಂದರು ಜಿಪ್ಪಕ್ಕ.

"ಹಿಂದೆ?"

"ಬೆನ್ನ ಹಿಂದೆ. ಗೋಡೆನಾ, ಕಿಟಕಿನಾ? ನನ್ನ ಮುಖ ಅವನಿಗೆ ಹೊಸದಾ? ಅವನು ಹುಡುಕ್ತಿರೋದು ನಾನಿರೋ ಜಾಗಾನ."

ಚಿಕ್ಕಮ್ಮ ನನ್ನ ಕಡೆ ನೋಡಿದಳು. ಫೋಟೋ ತೆಗೆದವಳು ನಾನು. ಬೆಳಕು ಚೆನ್ನಾಗಿರುತ್ತದೆಂದು ಎಲ್ಲಿ ನಿಲ್ಲಿಸುತ್ತೇನೆಂದು ನನಗೆ ಗೊತ್ತು.  ನನ್ನ ಫೋನಿನಲ್ಲಿದ್ದ ಅದೇ ಫೋಟೋ ತೆರೆದು ಇಸ್ತ್ರಿ ಮೇಜಿನ ಮೇಲಿಟ್ಟೆ. ಎಲ್ಲರೂ ಬಗ್ಗಿದೆವು. ಇಷ್ಟು ದಿನ ಎಲ್ಲರೂ ನೋಡಿದ್ದು ಮುಖ ಅಥವಾ ಚೀಲ. ಹೆಗಲಿನ ಹಿಂದೆ ಕಿಟಕಿಯಿತ್ತು, ಪರದೆ ಅರ್ಧ ಸರಿದಿತ್ತು, ಅದರಾಚೆ ಎದುರಿನ ಔಷಧಿ ಅಂಗಡಿಯ ಬೋರ್ಡಿತ್ತು. ಹೆಸರಿನ ಕೊನೆಯ ಎರಡು ಅಕ್ಷರ ಮಾತ್ರ ಕಾಣುತ್ತಿದ್ದವು. ಕೆಳಗೆ ಫೋನ್ ನಂಬರ್ ಪೂರ್ತಿ ಕಾಣುತ್ತಿತ್ತು.

ವಾರ್ಡನ್ ಅಮ್ಮ, "ಅಯ್ಯೋ" ಎಂದವರು ಬಾಯಿಗೆ ಕೈ ಅಡ್ಡ ಹಿಡಿದರು.

ಜಿಪ್ಪಕ್ಕ ಅಳಲಿಲ್ಲ, ಬೈಯಲಿಲ್ಲ. ಚೀಲವನ್ನು ಮೇಜಿನ ಮೇಲಿಟ್ಟು, "ನಾನಿನ್ನು ಇಲ್ಲಿ ಇರಲ್ಲಮ್ಮ" ಎಂದರು. ವಾರ್ಡನ್ ಅಮ್ಮ, "ಇವತ್ತೇನೂ ಆಗಲ್ಲ, ಒಂದು ದಿನ ನೋಡೋಣ" ಎಂದರು. "ಒಂದು ದಿನ ನೋಡೋಣ ಅಂತಾನೇ ನಾನು ಆ ಮನೆಯಲ್ಲಿ ಅಷ್ಟು ವರ್ಷ ಇದ್ದೆ" ಎಂದರು ಜಿಪ್ಪಕ್ಕ. ಅದಾದ ಮೇಲೆ ವಾರ್ಡನ್ ಅಮ್ಮ ಫೋನ್ ತೆಗೆದುಕೊಂಡು ಒಳಗೆ ಹೋದರು. ಅವರಂಥವರೇ ನಡೆಸುವ ಇನ್ನೊಂದು ಮನೆ ಬೇರೆ ಊರಿನಲ್ಲಿದೆ. ಎಲ್ಲಿ ಎಂದು ನಮಗೆ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಮಧ್ಯಾಹ್ನವೇ ಚೀಲಗಳನ್ನು ಒಯ್ಯುವ ವ್ಯಾನಿನಲ್ಲಿ, ಚೀಲಗಳ ಮೂಟೆಗಳ ನಡುವೆ ಅವರು ಹೊರಟರು. ಹತ್ತುವ ಮೊದಲು ಚಿಕ್ಕಮ್ಮನ ಮುಂದೆ ನಿಂತರು.

"ಹೇಳಬೇಡ ಅಂದ್ರಾ ಯಾರಾದ್ರೂ?"

"ಅಂದ್ರು."

"ಸಂಜೆ ನಾನು ಅದೇ ಅಂಗಡಿಗೆ ತಲೆನೋವಿನ ಮಾತ್ರೆಗೆ ಹೋಗೋಳಿದ್ದೆ."

ಅಷ್ಟೇ. ಥ್ಯಾಂಕ್ಸ್ ಎನ್ನಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. ಎನ್ನಲಿ ಎಂದು ಚಿಕ್ಕಮ್ಮ ಕಾಯಲೂ ಇಲ್ಲ. ಜಿಪ್ಪಕ್ಕ ನನ್ನ ಕೈಗೆ ಆ ಅರ್ಧ ಹೊಲಿದ ಚೀಲ ಕೊಟ್ಟು, "ಜಿಪ್ಪು ಸೊಟ್ಟ ಆಗದ ಹಾಗೆ ನೋಡ್ಕೋ" ಎಂದರು. ವ್ಯಾನಿನ ಬಾಗಿಲು ಹಾಕಿದ ಮೇಲೆ ಚಿಕ್ಕಮ್ಮ ಗೋಡೆಗೆ ಒರಗಿದಳು. ಅವಳ ಗದ್ದ ಎದೆಗೆ ಬಿದ್ದಿತ್ತು. ಎತ್ತು ಎಂದು ಹೇಳಲು ನನಗೆ ಧೈರ್ಯವಾಗಲಿಲ್ಲ.

ಉಳಿದ ಅಕ್ಕಂದಿರಿಗೂ ಚಿಕ್ಕಮ್ಮ ಒಬ್ಬೊಬ್ಬರನ್ನಾಗಿ ಕರೆದು ಹೇಳಿದಳು. ಒಬ್ಬರು ಅವಳನ್ನು ಬಾಯಿಗೆ ಬಂದಂತೆ ಬೈದರು. ಅವಳು ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡಳು. ಇನ್ನೊಬ್ಬರು, "ನನ್ನನ್ನ ಹುಡುಕೋವಷ್ಟು ಪುರುಸೊತ್ತು ಆ ಮಹಾರಾಯನಿಗೆಲ್ಲಿ" ಎಂದು ನಕ್ಕರು; ಆದರೆ ಕಿಟಕಿಯ ಪರದೆಯನ್ನು ಎಳೆದದ್ದು ಅವರೇ.

ಕೆಲವು ದಿನಗಳಾದ ಮೇಲೆ ಔಷಧಿ ಅಂಗಡಿಯವರು ವಾರ್ಡನ್ ಅಮ್ಮನ ಹತ್ತಿರ ಮಾತಿಗೆ ಮಾತು ಬಂದು ಒಂದು ಸಂಗತಿ ಹೇಳಿದರು. ಯಾರೋ ಒಬ್ಬ ಗಂಡಸು ಅಂಗಡಿಗೆ ಫೋನ್ ಮಾಡಿ, "ನಿಮ್ಮ ಅಂಗಡಿ ಎಲ್ಲಿ ಬರತ್ತೆ?" ಎಂದು ಕೇಳಿದ್ದನಂತೆ. ಇವರು ದಾರಿ ಹೇಳಿದರು. ಯಾರು ಕೇಳಿದರೂ ಹೇಳುತ್ತಾರೆ, ವ್ಯಾಪಾರ ತಾನೇ. "ಯಾವ ಔಷಧಿ ಬೇಕಿತ್ತು ಅಂದೆ. ಫೋನ್ ಇಟ್ಟುಬಿಟ್ಟ." ಆಮೇಲೆ ಅವನು ಬಂದನೋ ಇಲ್ಲವೋ ಅವರಿಗೆ ತಿಳಿಯದು. ದಿನಕ್ಕೆ ಎಷ್ಟೋ ಜನ ಬರುತ್ತಾರೆ. ಅದು ಜಿಪ್ಪಕ್ಕನ ಗಂಡನೇ ಇರಬಹುದು, ನಿಜವಾಗಿ ಮಾತ್ರೆ ಬೇಕಿದ್ದವನೂ ಇರಬಹುದು. ನಾನು ಇದನ್ನು ಚಿಕ್ಕಮ್ಮನಿಗೆ ಹೇಳಿದಾಗ ಅವಳು ಚಹಾ ಕುಡಿಯುತ್ತಿದ್ದಳು. ಲೋಟವನ್ನು ಕೆಳಗಿಟ್ಟಳು. ಆ ಚಹಾ ಕೆನೆಗಟ್ಟಿ ಆರಿಹೋಗುವವರೆಗೂ ಮುಟ್ಟಲಿಲ್ಲ.

ಈಗ ಅವಳ ಪ್ರೋಗ್ರಾಮಿನಲ್ಲಿ ಮುಸುಕು ಎಂಬ ಹೆಸರೇ ಇಲ್ಲ. ಮಸುಕು ಎಂಬ ಹೆಸರನ್ನು 'ಅಳಿಸು' ಎಂದು ಬದಲಾಯಿಸಿದ್ದಾಳೆ, ತೆರೆ ಹಾಕುವ ಕೆಲಸವನ್ನು ಪೂರ್ತಿ ಕಿತ್ತುಹಾಕಿದ್ದಾಳೆ. ಫೋಟೋದಲ್ಲಿ ಮನುಷ್ಯರಿದ್ದರೆ ಮುಖವನ್ನಷ್ಟೇ ಅಲ್ಲ, ಚೀಲ ಬಿಟ್ಟು ಉಳಿದದ್ದನ್ನೆಲ್ಲ ಕಲಸಿಬಿಡುವಂತೆ ಬರೆದಿದ್ದಾಳೆ. ಕಿಟಕಿ, ಗೋಡೆ, ಬಾಗಿಲು ಎಲ್ಲ. ಅವಳು ಬರೆದದ್ದನ್ನು ಮೀಟಿಂಗಣ್ಣ ಪಾಠ ಒಪ್ಪಿಸುವ ಮಕ್ಕಳಂತೆ ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿದ ಮೇಲೇ ಅದು ಚಾಲೂ ಆಗುವುದು. ಕೆಳಗೆ ಯಂತ್ರ ಶುರುವಾದರೆ ಕೇಳಿಸುವುದಿಲ್ಲವೆಂದು ಮತ್ತೆ ಮೊದಲಿನಿಂದ ಓದುತ್ತಾರಂತೆ. ಹುಡುಕುವ ತಾಣದಲ್ಲಿದ್ದ ಆ ಉಗುರಿನಷ್ಟು ಚಿತ್ರ ಕೊನೆಗೂ ಹೋಯಿತು. ಆದರೂ ಚಿಕ್ಕಮ್ಮ ದಿನಾ ಬೆಳಿಗ್ಗೆ ಒಮ್ಮೆ ನೀಲಿ ಚೀಲ ಎಂದು ಬರೆದು ಕೊನೆಯವರೆಗೂ ನೋಡುತ್ತಾಳೆ.

ವಿಷಯ ತಿಳಿದ ಮೇಲೆ ಅಜ್ಜಿ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. "ನನ್ನ ಹಾಳು ಬಾಯಿ ಕಣೇ" ಎಂದಳು.

"ನಿನ್ನ ಬಾಯಲ್ಲಮ್ಮಾ, ನನ್ನ ಬೆರಳು" ಎಂದಳು ಚಿಕ್ಕಮ್ಮ.

ಈಗ ಅಜ್ಜಿ ಆ ಮಾತಿನ ಹತ್ತಿರ ಬಂದಾಗ ಕೆಸರಿನಲ್ಲಿ ಕಾಲಿಡುವಂತೆ ಮಾತಾಡುತ್ತಾಳೆ. "ಇವತ್ತು ಎಷ್ಟು ಜನಕ್ಕೆ... ಅದೇನದು... ಮಬ್ಬು ಮಾಡಿದೆ?" ಎನ್ನುತ್ತಾಳೆ. ಚಿಕ್ಕಮ್ಮ ಒಮ್ಮೊಮ್ಮೆ ನಗುತ್ತಾಳೆ.

ಇದನ್ನು ಬರೆಯುವ ಮೊದಲು ಜಿಪ್ಪಕ್ಕನ ಒಪ್ಪಿಗೆ ಬೇಕೆನ್ನಿಸಿತು. ವಾರ್ಡನ್ ಅಮ್ಮನ ಹತ್ತಿರ ಕೇಳಿ ಕಳಿಸಿದೆ. ಬಹಳ ದಿನ ಉತ್ತರ ಬರಲಿಲ್ಲ. ನಾನು ಏನೇನೋ ಯೋಚನೆ ಮಾಡಿ ಹೆದರಿದೆ. ಆಮೇಲೆ ಬಂತು. "ಬರೀಲಿ. ನನ್ನ ಮೂಗು ಹೇಗಿದೆ ಅಂತ ಮಾತ್ರ ಬರೀಬಾರದು ಅಂತ ಹೇಳಿ" ಎಂದಿದ್ದರಂತೆ. ಮೂಗು ಎಂಬ ಮಾತನ್ನು ಮೇಲೆ ಒಂದು ಕಡೆ ಬರೆದಿದ್ದೇನೆ. ಹೇಗಿದೆ ಎಂದು ಬರೆದಿಲ್ಲ. ಎರಡು ಸಲ ಓದಿ ನೋಡಿಕೊಂಡಿದ್ದೇನೆ.

ನಾಳೆ ಹೊಸ ಚೀಲಗಳ ಫೋಟೋ ತೆಗೆಯುವ ದಿನ. ಬೆಳಿಗ್ಗೆ ಬೇಗ ಹೋಗಿ, ಕಿಟಕಿ ಇಲ್ಲದ ಇಸ್ತ್ರಿ ಕೋಣೆಯ ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ಚೀಲಗಳನ್ನು ಮೊಳೆಗೆ ನೇತುಹಾಕಿ ತೆಗೆಯುತ್ತೇನೆ. ಗಾತ್ರ ತಿಳಿಯಲೆಂದು ಪಕ್ಕದಲ್ಲಿ ಒಂದು ಕುರ್ಚಿ ಇಡುತ್ತೇನೆ.